ಕೌದಿಯ ಕೆಳಗಿನ ಸೊಪ್ಪು

ಈ ಪ್ರಸಂಗ ನಡೆದದ್ದು ಆಷಾಢದಲ್ಲಿ. ನನ್ನ ತಂಗಿ ಇಂದಿಗೂ ಶ್ರಾವಣವೆಂದೇ ವಾದಿಸುತ್ತಾಳೆ. ಮಡಕಶಿರಾ ಹೊಸ ಜಿಲ್ಲೆಗೆ ಸೇರಿದ ಮೇಲಿನ ಮಾತು ಇದು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ. ಆ ದಿನ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿದ ಮೇಲೆ ನನ್ನ ಪಕ್ಕದಲ್ಲಿ ಕುಳಿತ ಪಿಂಚಣಿದಾರರೊಬ್ಬರು, ಇನ್ನು ಮೇಲೆ ಕಚೇರಿ ಕೆಲಸಕ್ಕೆ ಅನಂತಪುರ ಬಿಟ್ಟು ಪುಟ್ಟಪರ್ತಿಗೆ ಅಲೆಯಬೇಕೆಂದು ದಾರಿಯುದ್ದಕ್ಕೂ ಗೊಣಗಿದ್ದು ನನಗೆ ನೆನಪಿದೆ. ತಿಂಗಳಿನ ವಿಷಯದಲ್ಲಿ ನಾನು ಹಟ ಹಿಡಿಯುವುದಕ್ಕೆ ಕಾರಣವುಂಟು. ಆ ದಿನ ಒಂದು ರೇಷ್ಮೆ ಹುಳು ಮನೆಯ ಅಳಿವು ಉಳಿವು, ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ನಡೆಯಿತು ಎಂಬ ಪ್ರಶ್ನೆಯ ಮೇಲೆಯೇ ನಿಂತಿತ್ತು.

ನಾನು ವೃತ್ತಿಯಿಂದ ಸಸ್ಯಶಾಸ್ತ್ರದ ಸಂಶೋಧಕಿ. ಎಲೆಯು ಬೆಳಕನ್ನು ಹೇಗೆ ಹಿಡಿಯುತ್ತದೆ, ಹಿಡಿದದ್ದನ್ನು ಹೇಗೆ ಆಹಾರವಾಗಿ ಕಟ್ಟುತ್ತದೆ ಎಂಬುದನ್ನು ನೋಡುವುದರಲ್ಲೇ ನನ್ನ ಉದ್ಯೋಗದ ಕಾಲವೆಲ್ಲ ಕಳೆಯಿತು. ನಿವೃತ್ತಿಯ ನಂತರ ರಾಯದುರ್ಗದ ಕೋಟೆಗುಡ್ಡದ ಕೆಳಗಿನ ನಮ್ಮ ಹಳೆಯ ಓಣಿಗೆ ಮರಳಿದ್ದೆ. ಅಲ್ಲಿ ಬೆಳಗಾದರೆ ಹಕ್ಕಿಗಳಿಗಿಂತ ಮೊದಲು ಜೀನ್ಸ್ ಹೊಲಿಯುವ ಯಂತ್ರಗಳು ಸದ್ದು ಮಾಡುತ್ತವೆ. ತಂಗಿಯನ್ನು ಕೊಟ್ಟಿರುವುದು ಮಡಕಶಿರಾ ಕಡೆಗೆ, ರತ್ನಗಿರಿಯ ಕೋಟೆ ದೂರದಿಂದ ಕಾಣುವ ಒಂದು ಊರಿಗೆ. ಅಲ್ಲಿ ಅವಳು ಗಂಡನನ್ನು ಒಪ್ಪಿಸಿ, ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಹುಳು ಮನೆ ಕಟ್ಟಿಸಿ, ರೇಷ್ಮೆ ಬೆಳೆ ಇಡಲು ಆರಂಭಿಸಿದ್ದಳು. ತಾನೇ ಪೂರ್ತಿ ಹೊಣೆ ಹೊತ್ತು ಇಟ್ಟ ಮೊದಲ ಬೆಳೆ ಅದು.

ಬೆಳಿಗ್ಗೆ ಅವಳ ಫೋನ್ ಬಂದಾಗ ನಾನು ಇನ್ನೂ ಕಾಫಿ ಕುಡಿದಿರಲಿಲ್ಲ.

“ಅಕ್ಕಾ, ಹುಳ ತಲಿ ಎತ್ತಿ ಸುಮ್ನ ನಿಂತಾವ. ಸೊಪ್ಪು ಮುಟ್ಟವಲ್ವು. ಸಂಜಿಗೆ ಎಲ್ಲಾ ಗುಂಡಿಗೆ ಹಾಕ್ತಾರಂತ.”

“ಯಾಕ, ಏನಾತು?”

“ಸಪ್ಪೆ ರೋಗ ಅಂತಾರ ನಮ್ಮತ್ತಿ. ಇವ್ರು ಆಗ್ಲೇ ಗುಂಡಿ ತೋಡ್ಸಾಕತ್ಯಾರ. ಈ ಬೆಳಿ ಹೋದ್ರ ಹುಳು ಮನಿ ಹುಣಸೆಹಣ್ಣು ತುಂಬಾಕ ಬಾಡಿಗಿಗೆ ಕೊಡ್ತಾರಂತ. ನೀ ಬರ್ತೀಯಾ ಇಲ್ಲಾ?”

“ನಾ ಎಲಿ ಓದ್ದಾಕಿ ಕಣೇ, ಹುಳದ ಡಾಕ್ಟರಲ್ಲ.”

“ಎಲಿ ತಿಂದೇ ಅಲ್ಲೇನ ಅವು ಹಿಂಗಾಗಿದ್ದು? ಬಾ ಸುಮ್ನ.”

ಸಪ್ಪೆ ರೋಗವೆಂದರೆ ರೇಷ್ಮೆ ಹುಳು ಹಸಿವು ಕಳೆದುಕೊಂಡು, ಮೈ ಸಡಿಲಾಗಿ, ಕೊನೆಗೆ ಕೊಳೆತು ಸಾಯುವ ಬೇನೆ. ಅಕ್ಕಪಕ್ಕದ ಮನೆಗಳಿಗೂ ಹಬ್ಬಬಹುದೆಂಬ ಭಯವಿರುವುದರಿಂದ ಅಂಥ ಬೆಳೆಯನ್ನು ಸುಣ್ಣ ಹಾಕಿ ಹೂಳುವುದು ಆ ಕಡೆಯ ರೂಢಿ. ತಂಗಿಯ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಅಲ್ಲಿನವರು ಹುಳು ಪೊರೆ ಬಿಡುವ ಹಂತವನ್ನು ಜ್ವರವೆನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಹುಳು ಹಗಲಿರುಳು ತಿಂದು, ಹಣ್ಣಾಗಿ, ಗೂಡು ಕಟ್ಟಬೇಕು. ಆ ತಿನ್ನುವ ಕಾಲದಲ್ಲೇ ಅವು ತಿನ್ನುವುದನ್ನು ನಿಲ್ಲಿಸಿದ್ದವು.

ನಾನು ತಲುಪಿದಾಗ ಹಗಲು ಅರ್ಧ ಕಳೆದಿತ್ತು. ಮೋಡ ಕವಿದು ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಹುಳು ಮನೆಯ ಹಿಂದೆ ಹೊಸ ಮಣ್ಣಿನ ರಾಶಿ, ಅದರ ಪಕ್ಕ ಸುಣ್ಣದ ಚೀಲ. ಹೊಸ್ತಿಲಲ್ಲಿ ತಂಗಿಯ ಅತ್ತೆ ಕೈ ಅಡ್ಡ ಹಿಡಿದು ನಿಂತಿದ್ದರು.

“ಅಲ್ಲೇ ನಿಲ್ಲವ್ವಾ. ಬಸ್ಸಲ್ಲಿ ಪಕ್ಕದಾಗೆ ಯಾರು ಕುಂತಿದ್ರು? ಸೀರೆಯಿಂದ ಬೀಡಿ ವಾಸ್ನೆ ಬತ್ತೈತೆ.”

“ಯಾರೋ ಪಿಂಚಣಿ ಮನಷ್ಯಾ ರೀ ಅಮ್ಮಾ. ಬೀಡಿ ಸೇದಲಿಲ್ಲ, ಬರೇ ಸರ್ಕಾರ ಬೈದ.”

“ಬೈಯೋರು ಇಳಿದ ಮ್ಯಾಲೆ ಸೇದ್ತಾರೆ. ಸೀರೆ ಬದಲಾಯ್ಸು, ಕೈಕಾಲು ತೊಳ್ಕ, ಆಮೇಲೆ ಬಾ. ಸಾಯಾ ಹುಳನೇ ಇರ್ಬೌದು, ಮರ್ಯಾದೆಯಿಂದ ಸಾಯ್ಲಿ.”

ಹುಳುವಿಗೆ ಯಾವ ವಾಸನೆಯೂ ಆಗದೆಂಬ ನಿಯಮವನ್ನು ಆ ಮನೆಯಲ್ಲಿ ಯಾರೂ ಮೀರುವಂತಿರಲಿಲ್ಲ. ಬೆಳೆ ಇದ್ದಷ್ಟು ದಿನ ಅಡುಗೆಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಕೂಡ ಇಲ್ಲ. ನಾನು ತಂಗಿಯ ಸೀರೆಯುಟ್ಟು, ಹೊಸ್ತಿಲ ಬಳಿ ಹರಡಿದ್ದ ಸುಣ್ಣದ ಪುಡಿಯ ಮೇಲೆ ಕಾಲಿಟ್ಟು ಒಳಗೆ ಹೋದೆ.

ಆರೋಗ್ಯವಾದ ಹುಳು ಮನೆಯಲ್ಲಿ ಒಂದು ಸದ್ದಿರುತ್ತದೆ, ಒಣ ಎಲೆಯ ಮೇಲೆ ತುಂತುರು ಬಿದ್ದಂತೆ. ಅಲ್ಲಿ ಅದು ಇರಲಿಲ್ಲ. ಅಟ್ಟಣೆಗಳ ಮೇಲೆ ಹಸಿರು ಸೊಪ್ಪು ಹಾಗೆಯೇ ಹರಡಿಕೊಂಡಿತ್ತು. ಅದರ ಮೇಲೆ ಬಿಳಿಯ ಹುಳುಗಳು ಮುಂಭಾಗವನ್ನೆತ್ತಿ ಏನನ್ನೋ ಕಾಯುತ್ತಿರುವಂತೆ ನಿಂತಿದ್ದವು. ಬಾಗಿಲ ಬಳಿಯ ಕೆಳಗಿನ ಅಟ್ಟಣೆಯಲ್ಲಿ ಕೆಲವು ಆಗಲೇ ಮೆತ್ತಗಾಗಿ ಮಲಗಿದ್ದವು.

ತಂಗಿಯ ಗಂಡ ಹಿಂದೆಯೇ ಬಂದರು. “ನೀವ್ ಬಂದಿದ್ದು ಒಳ್ಳೇದಾಯ್ತು ಅಕ್ಕಾ. ಆದ್ರೆ ಹೊತ್ತು ಮುಳುಗೋದ್ರೊಳಗೆ ಎಲ್ಲಾ ಹೂಳ್ತೀನಿ ಅಂತ ಪಕ್ಕದ ತ್ವಾಟದೋರಿಗೆ ಮಾತು ಕೊಟ್ಟಿದೀನಿ. ಅವರ ಹುಳ ಹಣ್ಣಾಗೋ ಹೊತ್ತು.”

ಬೇಲಿಯ ಆಚೆಯಿಂದ ಪಕ್ಕದ ತೋಟದವರ ದನಿ ಕೇಳಿಸಿತು. “ಗುಂಡಿ ತೋಡಿ ಅದನ್ನೇ ನೋಡ್ಕಂಡು ಕುಂತ್ರೇನಪ್ಪಾ? ಗಾಳಿ ನಮ್ ಕಡೀಕೇ ಬೀಸ್ತೈತೆ!”

“ನೆಂಟರು ಬಂದವ್ರೆ, ಒಸಿ ತಡೀರಿ,” ಎಂದು ಇವರು ಕೂಗಿದರು.

“ರೋಗಕ್ಕೆ ನೆಂಟ್ರು ಗೊತ್ತಾ?” ಎಂಬ ಉತ್ತರ ಬಂತು.

ನನಗೆ ಹುಳುವಿನ ವಿದ್ಯೆ ಗೊತ್ತಿರಲಿಲ್ಲ. ರೇಷ್ಮೆ ಇಲಾಖೆಯವರು ಮರುದಿನ ಬರುವುದಾಗಿ ತಿಳಿಸಿದ್ದರು. ಮರುದಿನದ ಹೊತ್ತಿಗೆ ನೋಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ನನಗೆ ಗೊತ್ತಿದ್ದ ಒಂದೇ ಕ್ರಮವನ್ನು ಹಿಡಿದೆ: ಜಗಲಿಯ ಮೇಲೆ ಕುಳಿತು ಒಂದೊಂದಾಗಿ ದಿನಗಳನ್ನು ಕೇಳಿದೆ. ಹುಳು ಮಂಕಾಗಿದ್ದು ಎಂದು? ತಂಗಿ, ಮೋಡ ಕವಿದ ಮೇಲೆ ಎಂದಳು. ಅತ್ತೆ, ಅದಕ್ಕೂ ಮೊದಲೇ ಎಂದರು. ಸಂತೆಗೆ ಹೋದ ದಿನ ಸೊಪ್ಪು ಮಿಕ್ಕಿದ್ದನ್ನು ಕಂಡು ತಾವು ಮಗನಿಗೆ ಹೇಳಿದ್ದಾಗಿಯೂ, ಆ ಸಂತೆಯಲ್ಲಿ ಬಿಸಿಲಿಗೆ ಕೊಡೆ ಹಿಡಿದಿದ್ದಾಗಿಯೂ ನೆನಪಿಸಿದರು. ಮಗ ಹೌದೆಂದು ತಲೆಯಾಡಿಸಿದರು. ಅಂದರೆ ಹುಳು ಮಂಕಾದದ್ದು ಮೊದಲು, ಮೋಡ ಆಮೇಲೆ. ಪಕ್ಕದ ತೋಟದವರಿಗೂ ಮರಿ ಹುಳು ಬಂದದ್ದು ಮೊಟ್ಟೆಯೊಡೆಸಿ ಮರಿ ಸಾಕಿ ಕೊಡುವ ಅದೇ ಚಾಕಿ ಕೇಂದ್ರದಿಂದ. ಅವರ ಸೊಪ್ಪೂ ಇದೇ ಮೋಡದ ಕೆಳಗೆ ಬೆಳೆದದ್ದು. ಅವರ ಹುಳು ಚೆನ್ನಾಗಿಯೇ ಇತ್ತು. ಹಾಗಾದರೆ ಆ ಸಂತೆಗೆ ಮುಂಚೆ ಈ ಮನೆಯಲ್ಲಿ ಮಾತ್ರ ಬದಲಾದದ್ದೇನು?

“ಏನೂ ಬದಲಾಗಿಲ್ಲ,” ಎಂದರು ತಂಗಿಯ ಗಂಡ.

“ಚಿಕ್ಕೋಳು ತವರಿಗೆ ಹೋದ್ಲು, ಅಷ್ಟೇಯ,” ಎಂದರು ಅತ್ತೆ.

ಚಿಕ್ಕವಳೆಂದರೆ ತಂಗಿಯ ಓರಗಿತ್ತಿ. ಆ ಬೇಸಿಗೆಯಲ್ಲಿ ಮದುವೆಯಾಗಿ ಬಂದವಳು. ಮದುವೆಯಾದ ಮೊದಲ ಆಷಾಢದಲ್ಲಿ ಸೊಸೆ ಅತ್ತೆಯ ಮನೆಯಲ್ಲಿ ಇರಬಾರದೆಂಬ ಪದ್ಧತಿಯಂತೆ ತವರಿಗೆ ಹೋಗಿದ್ದಳು. ತಿಂಗಳಿನ ಬಗ್ಗೆ ನನಗಿರುವ ಸಾಕ್ಷ್ಯ ಇದೇ. ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಸೊಪ್ಪು ಕೊಯ್ಯುತ್ತಿದ್ದ ಇಬ್ಬರಲ್ಲಿ ಒಬ್ಬಳು ಹೊರಟುಹೋದಳು.

“ಹಂಗಾರ ಈಗ ಸಂಜಿ ಸೊಪ್ಪು ಯಾರು ಕೊಯ್ತಾರ?”

“ನಾನೊಬ್ಬಾಕೀನ ಎರಡೆರಡು ಸಲ ಎಲ್ಲಿ ಕೊಯ್ಲಿ ಅಕ್ಕಾ?” ಎಂದಳು ತಂಗಿ. “ಹೊತ್ತಾರೆ ಮಂಜಿನಾಗ ಎಲ್ಲಾ ಒಮ್ಮೆಗೇ ಕೊಯ್ದು ಇಟ್ಟಬಿಡ್ತೀನಿ. ಬಾಡಂಗಿಲ್ಲ. ಬಾ, ತೋರಿಸ್ತೀನಿ.”

ಅವಳ ದನಿಯಲ್ಲಿ ಆ ದಿನ ಮೊದಲ ಬಾರಿಗೆ ಸ್ವಲ್ಪ ಹುರುಪು ಬಂದಿತ್ತು. ಸೊಪ್ಪಿನ ಕೋಣೆಯಲ್ಲಿ, ಎದೆಯೆತ್ತರಕ್ಕೆ ಒಟ್ಟಿದ ರೇಷ್ಮೆ ಸೊಪ್ಪಿನ ಕಟ್ಟುಗಳ ಮೇಲೆ ಒಂದು ಭಾರೀ ಕೌದಿ ಹೊದಿಸಿತ್ತು. ನಮ್ಮ ಓಣಿಯ ಹೊಲಿಗೆ ಮನೆಗಳಲ್ಲಿ ಕತ್ತರಿಸಿ ಬಿಸಾಡಿದ ಜೀನ್ಸ್ ತುಂಡುಗಳನ್ನು ಹಬ್ಬಕ್ಕೆ ಬಂದಾಗಲೆಲ್ಲ ಅವಳು ಚೀಲಗಟ್ಟಲೆ ಒಯ್ಯುತ್ತಿದ್ದಳು. ಅವುಗಳನ್ನು ಪದರ ಪದರವಾಗಿ ಜೋಡಿಸಿ, ನಮ್ಮ ಅವ್ವ ಹೊಲಿಯುತ್ತಿದ್ದ ಹಾಗೆಯೇ ಸಾಲು ಹೊಲಿಗೆ ಹಾಕಿ ಮಾಡಿದ ಕೌದಿ ಅದು. ಅಲ್ಲಿಯವರು ಕೊಯ್ದ ಸೊಪ್ಪಿನ ಮೇಲೆ ಒದ್ದೆ ಗೋಣಿತಟ್ಟು ಹಾಕುತ್ತಾರೆ. ಗೋಣಿ ಬೇಗ ಒಣಗುತ್ತದೆ, ಕೌದಿಯಾದರೆ ಬೆಳಿಗ್ಗೆ ಒಮ್ಮೆ ನೀರು ಹಾಕಿದರೆ ಸಂಜೆಯವರೆಗೂ ತಂಪು ಎಂಬುದು ಅವಳ ಲೆಕ್ಕ. ರಾಯದುರ್ಗದಲ್ಲಿ ಹುಟ್ಟಿ ಮಡಕಶಿರಾ ಕಡೆ ಸೇರಿದ ಹೆಣ್ಣಿಗಲ್ಲದೆ ಬೇರೆಯವರಿಗೆ ಈ ಉಪಾಯ ಹೊಳೆಯುವುದು ಸಾಧ್ಯವಿರಲಿಲ್ಲ.

“ಮುಟ್ಟಿ ನೋಡು, ಎಷ್ಟು ತಣ್ಣಗ ಐತಿ.”

ಕೌದಿ ನಿಜವಾಗಿಯೂ ತಣ್ಣಗಿತ್ತು. ನಾನು ಅದರ ಅಂಚನ್ನು ಎತ್ತಿ, ಕಟ್ಟುಗಳ ನಡುವೆ ಮೊಳಕೈವರೆಗೆ ಕೈ ತೂರಿಸಿದೆ. ಒಳಗೆ ಬೆಚ್ಚಗಿತ್ತು. ಮೊಳಕೆಗೆಂದು ಬಟ್ಟೆಯಲ್ಲಿ ಕಟ್ಟಿಟ್ಟ ಹುರುಳಿಯ ನಡುವೆ ಬೆರಳಿಟ್ಟರೆ ತಾಕುತ್ತದಲ್ಲ, ಆ ಬಿಸುಪು. ಕೈ ತೆಗೆದು ಮೂಸಿದೆ. ಲಘುವಾದ ಹುಳಿ ವಾಸನೆ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರ ಹಿಂದೆ ತಂಗಿಯ ಗಂಡ. ನಾನು ಬಾಯಿ ಬಿಟ್ಟರೆ ಕೇಳಿಸುವಷ್ಟು ಹತ್ತಿರ. ಸುಮ್ಮನಿದ್ದರೆ ಸಂಜೆಗೆ ಎಲ್ಲವೂ ಗುಂಡಿಗೆ. ಹೇಳಿದರೆ, ಬೇನೆ ತಂದದ್ದು ತವರಿನ ಕೌದಿ ಎಂಬ ಮಾತು ಆ ಮನೆಯಲ್ಲಿ ಎಂದೆಂದಿಗೂ ಉಳಿಯುತ್ತದೆ. ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಏನು? ಹೇಳು.”

“ನೀನ ಕೈ ಹಾಕಿ ನೋಡು.”

ಅವಳು ಹಾಕಿದಳು. ಬೇಗ ತೆಗೆಯಲಿಲ್ಲ. ತಲೆ ತಗ್ಗಿಸಿಕೊಂಡು, ಕೈ ಒಳಗೇ ಇಟ್ಟುಕೊಂಡು, ಯಾರಿಗೂ ಅಲ್ಲವೆಂಬಂತೆ ಹೇಳಿದಳು: “ಬಿಸಿ ಐತಿ.”

ಎಲೆಯ ಬಗ್ಗೆ ಜನ ಅರ್ಧವನ್ನು ಮಾತ್ರ ಬಲ್ಲರು. ಎಲೆ ಬಿಸಿಲಿನಲ್ಲಿ ಅನ್ನ ಮಾಡುತ್ತದೆ ಎಂಬುದು ಶಾಲೆಯ ಪಾಠ. ಅದರ ಪತ್ರಹರಿತ್ತು ಬೆಳಕನ್ನು ಹೀರಿ, ಆ ಶಕ್ತಿಯಿಂದ ನೀರನ್ನು ಒಡೆದು, ಗಾಳಿಯಲ್ಲಿನ ಇಂಗಾಲವನ್ನು ಸಕ್ಕರೆಯಾಗಿ ಕಟ್ಟಿ, ಹೆಚ್ಚಾದುದನ್ನು ಪಿಷ್ಟದ ರೂಪದಲ್ಲಿ ಕೂಡಿಡುತ್ತದೆ. ಬೆಳಿಗ್ಗೆ ಬರಿದಾಗಿರುವ ಎಲೆ ಸಂಜೆಯ ಹೊತ್ತಿಗೆ ತುಂಬಿದ ಕಣಜ. ಮರೆತುಹೋಗುವುದು ಉಳಿದರ್ಧ. ಎಲೆಯೂ ಉಸಿರಾಡುತ್ತದೆ. ರಾತ್ರಿಯೆಲ್ಲ ಆ ಕಣಜವನ್ನೇ ಬಗೆದು ಗಿಡ ಬದುಕುತ್ತದೆ. ಕೊಯ್ದ ಮಾತ್ರಕ್ಕೆ ಎಲೆ ಸಾಯುವುದಿಲ್ಲ. ಬೆಳಕಿಲ್ಲದ ಕಡೆ ಒಟ್ಟಿದರೆ ಗಳಿಕೆಯಿಲ್ಲದೆ ಖರ್ಚು ಮಾತ್ರ ನಡೆಯುತ್ತದೆ. ಹಾಗೆ ಉರಿದ ಸಕ್ಕರೆಯೇ ಆ ಬಿಸುಪು. ತಂಗಿ ಕೊಯ್ಯುತ್ತಿದ್ದುದು ಎಲೆ ಅತ್ಯಂತ ಬಡವಾಗಿರುವ ಹೊತ್ತಿನಲ್ಲಿ. ಗಾಳಿಯಾಡದ ದಪ್ಪ ಕೌದಿಯ ಕೆಳಗೆ ಹಗಲೆಲ್ಲ ಅದು ತನ್ನನ್ನೇ ತಿಂದು ಮುಗಿಸುತ್ತಿತ್ತು. ಸಾಲದ್ದಕ್ಕೆ ಮೋಡ ಕವಿದು, ಗಿಡದಲ್ಲಿ ಕಟ್ಟುವುದೂ ಕಡಿಮೆಯಾಗಿತ್ತು.

ಇಷ್ಟನ್ನು ನಾನು ಆಡುಮಾತಿನಲ್ಲಿ ಹೇಳಿದೆ. ತಂಗಿಯ ಗಂಡ ಒಂದು ಎಲೆ ಹಿರಿದು ನನ್ನ ಮುಂದೆ ಹಿಡಿದರು. “ಹಸಿರಾಗೇ ಐತಲ್ಲ ಅಕ್ಕಾ. ಬಾಡಿಲ್ಲ, ಒಣಗಿಲ್ಲ. ಇದ್ರಾಗೆ ಏನಿಲ್ಲ ಅಂದ್ರೆ ನಾನೆಂಗೆ ನಂಬ್ಲಿ?”

“ಹಸಿರು ಅಂದ್ರ ಪಾತ್ರಿ ಅಷ್ಟೇ ರೀ. ಒಳಗ ಅನ್ನ ಐತೋ ಇಲ್ಲೋ, ಅದನ್ನ ತೋರಿಸ್ತೀನಿ. ಮಡಕಶಿರಾಕ್ಕ ಹೋಗಿ ಮೆಡಿಕಲ್ ಅಂಗಡ್ಯಾಗ ಸ್ಪಿರಿಟ್ಟು, ಟಿಂಚರ್ ಅಯೋಡಿನ್ ತರ್ತೀರೇನು?”

ಅವರು ತಾಯಿಯ ಕಡೆ ನೋಡಿದರು. ಸ್ಪಿರಿಟ್ ಎಂದೊಡನೆ ಆಕೆಯ ಮೂಗು ಆಗಲೇ ಸುಕ್ಕುಗಟ್ಟಿತ್ತು. “ತರೋದು ತತ್ತಾ. ಆದ್ರೆ ಹುಳು ಮನೆ ಹತ್ರ ಬ್ಯಾಡ. ಗಾಳಿ ಆಚೆ ಹೋಗೋ ಕಡೆ, ದನದ ತೊಟ್ಟಿ ಅತ್ತಾಗೆ ಮಾಡ್ಕಳ್ಳಿ ನಿಮ್ಮ ಮಂತ್ರ.”

ಮೋಟಾರ್ ಸೈಕಲ್ ಹೊರಟುಹೋಯಿತು. ತಂಗಿ ಕೌದಿಯನ್ನು ಎಳೆದು ನೆಲಕ್ಕೆ ಹಾಕಿ, ಕಟ್ಟುಗಳನ್ನು ಬಿಡಿಸಿ ಹರಡತೊಡಗಿದಳು. ನಾನು ಆಕಾಶವನ್ನೇ ನೋಡುತ್ತಿದ್ದೆ. ಆ ಪರೀಕ್ಷೆಗೆ ಬೇಕಾದ ಒಂದು ವಸ್ತು ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ. ತೋಟದ ಎಲೆಯಲ್ಲೂ ಪಿಷ್ಟವಿಲ್ಲದಿದ್ದರೆ ನಾನು ತೋರಿಸುವುದು ಏನನ್ನು? ರತ್ನಗಿರಿಯ ದಿಕ್ಕಿನಲ್ಲಿ ಮೋಡ ಹರಿದು, ಬಿಸಿಲು ಗುಡ್ಡದಿಂದ ಇಳಿದು ತೋಟದ ಮೇಲೆ ಬಂದು ನಿಂತಾಗ ನನಗೆ ಉಸಿರು ಬಂತು. ತಂಗಿಯ ಗಂಡ ಹಿಂದಿರುಗಿದರೂ ನಾನು ತಕ್ಷಣ ಎಲೆ ಕೊಯ್ಯಗೊಡಲಿಲ್ಲ. ಬೇಲಿಯಾಚೆಯವರು ಎರಡು ಸಲ ಬಂದು ಇಣುಕಿದರು. ಸೂರ್ಯ ವಾಲಿದಷ್ಟೂ ಎಲೆ ತುಂಬುತ್ತದೆ. ಆದರೆ ವಾಲುವ ಸೂರ್ಯನೇ ಗುಂಡಿಯ ಗಡುವೂ ಆಗಿತ್ತು.

ಕೊನೆಗೆ ತೋಟದಿಂದ ಒಂದು ಎಲೆ, ಕೌದಿಯ ಕೆಳಗಿದ್ದ ಸೊಪ್ಪಿನಿಂದ ಒಂದು ಎಲೆ. ಗುರುತಿಗೆಂದು ಎರಡನೆಯದರ ತುದಿ ಚಿವುಟಿದೆ. ಎರಡನ್ನೂ ಕುದಿನೀರಿನಲ್ಲಿ ಅದ್ದಿ, ಒಲೆಯಿಂದ ಇಳಿಸಿ ದೂರ ತಂದ ಆ ಬಿಸಿನೀರಿನ ಪಾತ್ರೆಯೊಳಗೆ ಸ್ಪಿರಿಟ್ ತುಂಬಿದ ಲೋಟಗಳನ್ನಿಟ್ಟು ಎಲೆಗಳನ್ನು ಮುಳುಗಿಸಿದೆ. ಹಸಿರು ಮೆಲ್ಲಗೆ ಸ್ಪಿರಿಟ್ಟಿಗೆ ಇಳಿದು, ಎಲೆಗಳೆರಡೂ ಬಿಳಿಚಿ ಒಂದೇ ತೆರನಾಗಿ ಕಂಡವು. ತೊಳೆದು ತಟ್ಟೆಯಲ್ಲಿ ಹರಡಿ, ಅಯೋಡಿನ್ ಹನಿಸಿದೆ.

ಮೊದಲು ಎರಡೂ ಕಂದಾದವು. ತಂಗಿಯ ಗಂಡ ನನ್ನ ಕಡೆ ನೋಡಿದರು. ನಾನು ಕಣ್ಣೆತ್ತಲಿಲ್ಲ. ಆಮೇಲೆ ತೋಟದ ಎಲೆಯ ನರಗಳ ನಡುವೆ ನೀಲಿ ಮೂಡಿತು, ದಟ್ಟವಾಗುತ್ತ ಹೋಗಿ ಮಸಿಯ ಕಪ್ಪಿಗೆ ತಿರುಗಿತು. ತುದಿ ಚಿವುಟಿದ ಎಲೆ ಕಂದಾಗಿಯೇ ಉಳಿಯಿತು.

“ಕರ್ರಗಾಗಿದ್ದು ಅನ್ನ,” ಎಂದೆ.

ಬೇಲಿ ದಾಟಿ ಬಂದಿದ್ದ ಪಕ್ಕದ ತೋಟದವರು ಬಗ್ಗಿ ನೋಡಿದರು. “ಹಂಗಾದ್ರೆ ರೋಗ ಇಲ್ಲಾ ಅಂತೀರಾ?”

ತಂಗಿ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಲ್ಲಿದೆ. ಇಲ್ಲ ಎಂಬ ಒಂದು ಪದವನ್ನು ಅವಳು ಬೇಡುತ್ತಿದ್ದಳು. ಆ ತಟ್ಟೆ ಎಲೆಯ ವಿಷಯವನ್ನಷ್ಟೇ ಹೇಳುತ್ತಿತ್ತು, ಹುಳುವಿನ ವಿಷಯವನ್ನಲ್ಲ. ಹಸಿದ ಹುಳುವಿಗೆ ಬೇನೆಯೂ ತಗುಲಿರಬಹುದಿತ್ತು. ಸತ್ಯವನ್ನೇ ಹೇಳಿದೆ: “ರೋಗ ಇಲ್ಲ ಅಂತ ನಾ ಹೇಳಂಗಿಲ್ಲ ರೀ. ಹುಳಕ್ಕ ಹೊಟ್ಟಿಗಿಲ್ಲ ಅನ್ನೋದು ಮಾತ್ರ ಹೇಳ್ತೀನಿ.”

ತಂಗಿ ಮುಖ ತಿರುಗಿಸಿಕೊಂಡಳು. ಅವಳ ಗಂಡ ಎದ್ದು ಗುಂಡಿಯ ಕಡೆ ಹೆಜ್ಜೆಯಿಟ್ಟರು. ಅವರನ್ನು ತಡೆದದ್ದು ತಾಯಿ.

“ನಿಂತ್ಕಳೋ. ಮೆತ್ತಗಾಗಿರೋವು ಈಗ್ಲೇ ಗುಂಡೀಗೋಗ್ಲಿ. ಗಟ್ಟಿ ಇರೋವ್ಕೆ ಇವತ್ತು ಗಿಡದ ಸೊಪ್ಪು ಬೀಳ್ಲಿ. ಹೊತ್ತಾರೆ ಅವೂ ತಿನ್ನಲಿಲ್ಲ ಅಂದ್ರೆ ನಾನೇ ಹೊತ್ಕಂಡ್ ಬಂದು ಹಾಕ್ತೀನಿ. ಹಸ್ಕಂಡಿರೋದನ್ನ ಹೂಳಿದ್ರು ಅಂತ ಊರಾಗೆ ಅನ್ನಿಸ್ಕಳಾಕೆ ನನ್ ಕೈಲಾಗಲ್ಲ.” ಪಕ್ಕದವರ ಕಡೆ ತಿರುಗಿ, “ನಿಮ್ ಬೇಲಿ ಉದ್ದಕ್ಕೂ ಸುಣ್ಣ ಹಾಕುಸ್ತೀನಿ. ಒಂದು ರಾತ್ರಿ ತಡೀರಪ್ಪಾ. ನಿಮ್ ಹುಳ ಇರೋಗಂಟ ನಾನು ಒಗ್ಗರಣೆ ಹಾಕ್ದೆ ಇದ್ದೋಳು ಅಲ್ವಾ?”

“ಅದು ನಿಮ್ ಹುಳಕ್ಕೆ ಹಾಕ್ದೆ ಇದ್ದಿದ್ದು, ನಮ್ ಹುಳಕ್ಕಲ್ಲ,” ಎಂದರು ಅವರು. ಆದರೂ ಮನೆಯ ಕಡೆ ನಡೆದರು.

ಬೆಳಕಿರುವಾಗಲೇ ಎಲ್ಲರೂ ತೋಟಕ್ಕಿಳಿದೆವು. ಬೇಲಿಯಾಚೆಯವರ ಹೆಂಡತಿಯೂ ಕುಡುಗೋಲು ಹಿಡಿದು ಬಂದರು. ಕೊಯ್ದದ್ದನ್ನು ಒಟ್ಟದೆ, ಕೊಯ್ದ ಹಾಗೆಯೇ ಒಯ್ದು ಅಟ್ಟಣೆಗೆ ಹಾಕಿದೆವು. ಹಾಕಿ ಮುಗಿಸಿ ಬಾಗಿಲ ಹೊರಗೆ ನಿಂತು ಕಿವಿಗೊಟ್ಟೆವು. ಒಳಗೆ ಏನೂ ಕೇಳಿಸಲಿಲ್ಲ. ದೀಪ ಹಚ್ಚುವ ಹೊತ್ತಾದರೂ ತಂಗಿ ಅಲ್ಲಿಂದ ಕದಲಲಿಲ್ಲ. ನಾನು ಕರೆದರೆ, “ನೀ ಹೋಗು. ರೋಗ ಇಲ್ಲ ಅನ್ನಾಕ ಆಗ್ಲಿಲ್ಲ ಅಲ್ಲ ನಿನಗ,” ಎಂದಳು. ನಾನು ಒಳಗೆ ಹೋದೆ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಅತ್ತೆಯ ಬೈಗುಳ. “ಸೊಪ್ಪೆಲ್ಲೇ? ಹುಳ ಕಡ್ಡಿ ಕಡೀತಾ ಕುಂತವೆ, ಇವ್ಳು ಕೂದಲು ಬಾಚ್ಕಂಡು ನಿಂತವ್ಳೆ!” ಓಡಿ ಹೋಗಿ ನೋಡಿದೆ. ಮೇಲಿನ ಅಟ್ಟಣೆಗಳಲ್ಲಿ ನರ, ಕಡ್ಡಿಗಳ ಹೊರತು ಏನೂ ಉಳಿದಿರಲಿಲ್ಲ. ತುಂತುರಿನ ಆ ಸದ್ದು ಮನೆಯನ್ನೆಲ್ಲ ತುಂಬಿತ್ತು. ಬಾಗಿಲ ಬಳಿಯ ಅಟ್ಟಣೆಯಲ್ಲಿ ಮಾತ್ರ ಸೊಪ್ಪು ಹಾಗೆಯೇ ಇತ್ತು, ಅಲ್ಲಿ ಉಳಿಸಿದ್ದ ಹುಳುಗಳೂ ಕಪ್ಪಾಗಿ ಸತ್ತಿದ್ದವು. ಮಧ್ಯಾಹ್ನ ಬಂದ ಇಲಾಖೆಯವರು ಅದನ್ನು ನೋಡಿ ಸಪ್ಪೆ ರೋಗವೇ ಎಂದರು, ಉಳಿದವು ತಪ್ಪಿಸಿಕೊಂಡಿವೆ ಎಂದರು. ಹಾಗಾಗಿ ಅತ್ತೆ ಹೇಳಿದ್ದೂ ಸುಳ್ಳಾಗಲಿಲ್ಲ.

ಉಳಿದ ಹುಳುಗಳು ತಡವಾಗಿ ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಏರಿದವು. ಗೂಡು ಸ್ವಲ್ಪ ತೆಳುವಾಯಿತು. ಅವುಗಳನ್ನು ಮಾರುಕಟ್ಟೆಗೆ ಒಯ್ದದ್ದು ಶ್ರಾವಣದಲ್ಲಿ, ಓರಗಿತ್ತಿ ತವರಿನಿಂದ ಮರಳಿದ ಮೇಲೆ. ತಂಗಿಯ ನೆನಪು ಹಿಡಿದಿರುವುದು ಆ ದಿನವನ್ನು. ಅವಳ ಪಾಲಿಗೆ ಘಟನೆ ನಡೆದದ್ದು ಅಂದೇ. ಹುಳು ಮನೆಯನ್ನು ಹುಣಸೆಹಣ್ಣಿಗೆ ಕೊಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಇಲಾಖೆಯವರು ಬಂದುಹೋದ ಮರುದಿನವೇ ನಾನು ಹೊರಟಿದ್ದೆ; ಆಗ ಕೌದಿ ತೊಳೆದು ಬೇಲಿಯ ಮೇಲೆ ಹರಡಿತ್ತು. ಅದನ್ನು ನನ್ನ ಚೀಲಕ್ಕೆ ತುರುಕಿ ವಾಪಸು ಕಳಿಸಬೇಕೆಂದು ತಂಗಿ ಮಡಿಚುತ್ತಿದ್ದಳು. ಅತ್ತೆ ಬಂದು ಕಿತ್ತುಕೊಂಡರು.

“ಎಲ್ಲಿಗೆ ತಗಂಡೋಗ್ತೀಯ? ಸೊಪ್ಪು ಬೇಯಿಸಾ ಕೌದಿ, ಮಾಗೀಲಿ ಮುದುಕೀನ ಬೆಚ್ಚಗಿಡಲ್ವಾ? ಇಲ್ಲಿರ್ಲಿ ಬುಡು.”

ತಂಗಿ ನನ್ನ ಕಡೆ ನೋಡಿ, ಎರಡು ದಿನಗಳಲ್ಲಿ ಮೊದಲ ಬಾರಿ ನಕ್ಕಳು. “ಬಸ್ಸಿಗೆ ಹೊತ್ತಾತು, ನಡಿ,” ಎಂದಳು.